ಬ್ಯಾಟರಿ ಹೊಸದು, ಆದ್ರೂ ಒಮ್ಮೊಮ್ಮೆ ಸ್ಟಾರ್ಟ್ ಆಗಲ್ಲ

ಸಣ್ಣ ಕಾರು, ಹಳೇದು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗತ್ತೆ, ಆದ್ರೆ ಓಡಿಸಿ ಬಿಸಿ ಆದ್ಮೇಲೆ ಆಫ್ ಮಾಡಿ ಮತ್ತೆ ಕೀ ತಿರುಗಿಸಿದ್ರೆ ಕೆಲವೊಮ್ಮೆ ಬರೀ ಟಕ್ ಅನ್ನತ್ತೆ, ಎಂಜಿನ್ ತಿರುಗೋದೇ ಇಲ್ಲ, ಸ್ವಲ್ಪ ಹೊತ್ತು ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟು. ಗ್ಯಾರೇಜಿಗೆ ಒಯ್ದಾಗ ಮಾತ್ರ ಸರಿಯಾಗೇ ಇರತ್ತೆ! ಎಲ್ಲಿಂದ ಹುಡುಕೋದು?

ಉತ್ತರ 1: ಒಂದೇ ಟಕ್ಕಾ, ಟಕಟಕಟಕ ಅಂತಾನಾ? ಟಕಟಕ ಅಂದ್ರೆ ವೋಲ್ಟೇಜ್ ಸಾಲ್ತಿಲ್ಲ, ಬ್ಯಾಟರಿ ಟರ್ಮಿನಲ್ ಉಜ್ಜಿ ಬಿಗಿ ಮಾಡಿ, ಅರ್ಥ್ ವಯರೂ (ಬ್ಯಾಟರಿ ಮೈನಸ್ಸಿಂದ ಬಾಡಿಗೆ ಹೋಗೋದು) ನೋಡಿ.

ಕೇಳಿದವರು: ಒಂದೇ ಟಕ್. ಹೆಡ್‌ಲೈಟ್ ಡಿಮ್ಮೂ ಆಗಲ್ಲ.

ಉತ್ತರ 2: ಹಂಗಾದ್ರೆ ನಂಗೆ ಸ್ಟಾರ್ಟರ್ (ಎಂಜಿನ್ ತಿರುಗಿಸೋ ಮೋಟಾರ್) ಮೇಲೇ ಡೌಟು, ಒಳಗೆ ಕಾರ್ಬನ್ ಬ್ರಷ್ಷೋ (ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ತುಂಡು) ಸೊಲೆನಾಯ್ಡ್ (ಆ ಮೋಟಾರಿಗೆ ಕರೆಂಟ್ ಬಿಡೋ ಸ್ವಿಚ್) ಕಾಂಟ್ಯಾಕ್ಟೋ ಸವೆದಿರತ್ತೆ. ಆದ್ರೆ ಟಕ್ ಎಲ್ಲಿಂದ ಬರ್ತಿದೆ ಅಂತ ಮೊದ್ಲು ಕಿವಿಗೊಡಿ, ಸೊಲೆನಾಯ್ಡಿಗೆ ಕರೆಂಟ್ ಕಳಿಸೋ ಸಣ್ಣ ಸ್ವಿಚ್ಚು, ಅಂದ್ರೆ ರಿಲೇನೂ ಹಂಗೇ ಸದ್ದು ಮಾಡತ್ತೆ. ಕೈಕೊಟ್ಟಾಗ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಒಬ್ರು ಕೀ ತಿರುಗಿಸಿ ಹಿಡಿದಿರ್ಲಿ, ನೀವು ಸೊಲೆನಾಯ್ಡಿನ ಸಣ್ಣ ವಯರಿಗೆ ಮಲ್ಟಿಮೀಟರ್ ಇಟ್ಟು ನೋಡಿ. ಹೆಚ್ಚುಕಮ್ಮಿ 12 ವೋಲ್ಟ್ ಬಂದೂ ತಿರುಗ್ಲಿಲ್ಲ ಅಂದ್ರೆ ಸ್ಟಾರ್ಟರ್ ಬಿಚ್ಚಿಸಿ, ಬರ್ಲೇ ಇಲ್ಲ ಅಂದ್ರೆ ರಿಲೇ ಇಲ್ಲಾ ಇಗ್ನಿಷನ್ ಸ್ವಿಚ್.

ಉತ್ತರ 3: ಸುಮ್ನೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗೋದನ್ನ ಅಳೆಯೋ ಸೆನ್ಸರ್) ಬದಲಾಯಿಸೋಕೆ ಹೋಗ್ಬೇಡಿ, ಅದು ಹೋದ್ರೆ ಎಂಜಿನ್ ತಿರುಗತ್ತೆ ಆದ್ರೆ ಹತ್ಕೊಳ್ಳಲ್ಲ.