ಪದಚರ್ಚೆ: ಬೇಯಿಸಿ ತುಂಬಿಡುವ ಹಣ್ಣಿನ ಚಟ್ನಿಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಹಣ್ಣಿನ ಹೋಳುಗಳಿಗೆ ಬೆಲ್ಲ, ಒಣಮೆಣಸಿನಕಾಯಿ, ಶುಂಠಿ, ಹುಳಿ ಹಾಕಿ, ಗಟ್ಟಿಯಾಗುವ ತನಕ ಕುದಿಸಿ ಬಾಟಲಿಗೆ ತುಂಬಿಡುತ್ತೇವಲ್ಲ, ಅದಕ್ಕೆ ಕನ್ನಡದಲ್ಲಿ ಒಪ್ಪುವ ಹೆಸರು ಯಾವುದು? ಮಾವು, ಅನಾನಸ್, ಸೇಬು ಯಾವುದರಿಂದಲೂ ಮಾಡಬಹುದು. ಅಡುಗೆ ಬರಹಗಳಲ್ಲಿ 'ಹಣ್ಣಿನ ಚಟ್ನಿ' ಅಂತ ಬರೆದು ಮುಗಿಸುತ್ತಾರೆ. ನನಗೆ ಅದು ಸಾಲದು.

ಚಟ್ನಿ ಹಿಂದಿಯಿಂದ ಬಂದ ಮಾತು. ಅಲ್ಲಿ 'ಚಾಟ್ನಾ' ಅಂದರೆ ನೆಕ್ಕುವುದು. ನಮ್ಮಲ್ಲಿ ಅದು ಬೇರೆ ಬೇರೆ ದಾರಿ ಹಿಡಿದಿದೆ. ಮೈಸೂರಿನ ಕಡೆ ಬರೀ ಚಟ್ನಿ ಅಂದರೆ ಕಾಯಿ ಹಾಕಿ ರುಬ್ಬಿದ್ದು, ಅವತ್ತಿಂದವತ್ತಿಗೆ ಮುಗಿಸುವಂಥದ್ದು. ಧಾರವಾಡದ ಕಡೆ ಶೇಂಗಾ ಚಟ್ನಿ, ಅಗಸಿ ಚಟ್ನಿ ಅಂದರೆ ಒಣ ಪುಡಿ. 'ಪುಡಿ' ಅನ್ನುವ ಮಾತನ್ನು ಸೇರಿಸಲೇಬೇಕು ಅಂತಿಲ್ಲ. ಇಷ್ಟೆಲ್ಲ ಹೊತ್ತಿರುವ ಪದಕ್ಕೆ ಇನ್ನೊಂದು ಅರ್ಥ ಭಾರವಲ್ಲ, ನಿಜ. ಆದರೆ 'ಅನಾನಸ್ ಚಟ್ನಿ' ಅಂತ ಓದಿದವರು ಮಿಕ್ಸಿ ತೆಗೆಯಬೇಕೋ ಒಲೆ ಹಚ್ಚಬೇಕೋ ತಿಳಿಯುವುದಿಲ್ಲ ಅಲ್ವಾ?

ಗೊಜ್ಜು ಅನ್ನೋಣವೆಂದರೆ, ಅನಾನಸ್ ಗೊಜ್ಜಿನಲ್ಲಿ ಸಿಹಿ, ಹುಳಿ, ಖಾರ ಮೂರೂ ಇವೆ. ಆದರೆ ಅದಕ್ಕೆ ಹುರಿದ ಎಳ್ಳು, ಕಾಯಿ ರುಬ್ಬಿ ಹಾಕುತ್ತೇವೆ, ಅನ್ನಕ್ಕೆ ಕಲಸಿಕೊಳ್ಳುತ್ತೇವೆ. ತಿಂಗಳುಗಟ್ಟಲೆ ಇಡುವುದಿಲ್ಲ. ಕರಾವಳಿಯಲ್ಲಿ 'ಮೆಣಸ್ಕಾಯಿ' ಅನ್ನುವ ಗೊಜ್ಜಿನಂಥ ಅಡುಗೆಯೂ ಹಾಗೇ. ಉತ್ತರ ಕರ್ನಾಟಕದ ಗುಳಂಬ ಹತ್ತಿರ ಬರುತ್ತದೆ: ಮಾವಿನಕಾಯಿ ತುರಿ, ಬೆಲ್ಲ, ನಿಧಾನದ ಉರಿ. ಖಾರ ಮಾತ್ರ ಇಲ್ಲ. ತೊಕ್ಕಿನಲ್ಲಿ ಖಾರ ಇದೆ, ಬಾಳಿಕೆಯೂ ಇದೆ, ಆದರೆ ಎಣ್ಣೆ ಜಾಸ್ತಿ.

ನನ್ನ ಒಲವು ತೊಕ್ಕಿನ ಕಡೆಗೇ. ಬೇಯಿಸಿ ಬತ್ತಿಸಿದ್ದು, ಸ್ವಲ್ಪ ಸ್ವಲ್ಪ ಬಡಿಸಿಕೊಳ್ಳುವುದು, ಕೆಡದೆ ಉಳಿಯುವುದು ಎಂಬ ಮೂರು ಸೂಚನೆಯೂ ಆ ಒಂದು ಪದದಲ್ಲಿವೆ. 'ಸಿಹಿ ತೊಕ್ಕು' ಅಂದರೆ ಕಿವಿಗೆ ಒಗ್ಗುತ್ತದೆಯೇ? ಎಣ್ಣೆ ಇಲ್ಲದ್ದನ್ನು ನಿಮ್ಮ ಮನೆಯಲ್ಲಿ ತೊಕ್ಕು ಅನ್ನುತ್ತಾರೆಯೇ?

ಇನ್ನೊಂದು ಮಾತು ಬೇಕಾಗಿದೆ, ಇದೇ ನನ್ನನ್ನು ಹೆಚ್ಚು ಕಾಡುತ್ತಿರುವುದು. ಇದು ಮುಗಿಯುವ ಗಳಿಗೆಗೆ ಏನನ್ನಬೇಕು? ಮೊದಲು ಹಣ್ಣು ನೀರು ಬಿಡುತ್ತದೆ, ಬೆಲ್ಲ ಕರಗಿ ಇಡೀ ಪಾತ್ರೆ ತೆಳ್ಳಗಾಗುತ್ತದೆ. ಆಮೇಲೆ ಗುಳ್ಳೆಗಳು ದಪ್ಪವಾಗಿ ನಿಧಾನವಾಗಿ ಒಡೆಯತೊಡಗುತ್ತವೆ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಪಾತ್ರೆಯ ತಳ ಕಾಣುತ್ತದೆ, ರಸ ಕೂಡಲೇ ಬಂದು ಗೆರೆ ಮುಚ್ಚುವುದಿಲ್ಲ. ಅಲ್ಲಿಗೆ ಇಳಿಸಬೇಕು. ಆರಿದ ಮೇಲೆ ಇನ್ನಷ್ಟು ಬಿಗಿಯುವುದರಿಂದ, ಒಲೆಯ ಮೇಲೇ ಗಟ್ಟಿ ಮಾಡಿದರೆ ಆಮೇಲೆ ಚಮಚ ಇಳಿಯುವುದಿಲ್ಲ.

'ಎಳೆ ಪಾಕ' ಬೆಲ್ಲಕ್ಕೆ ಸರಿ, ಹಣ್ಣಿನ ತಿರುಳು ಸೇರಿದಾಗ ಎಳೆ ನೋಡುವುದು ಹೇಗೆ? 'ತಳ ಬಿಟ್ಟಿತು' ಅನ್ನುವುದು ಹಲ್ವಾಕ್ಕೆ. ಅಷ್ಟು ದೂರ ಹೋಗಬಾರದು. 'ಎಣ್ಣೆ ಬಿಟ್ಟಿತು' ಅನ್ನಲು ಎಣ್ಣೆಯೇ ಇಲ್ಲ. 'ಹದ ಬಂತು' ಅಂದರೆ ಗೊತ್ತಿದ್ದವರಿಗೆ ಸಾಕು, ಹೊಸದಾಗಿ ಮಾಡುವವರಿಗೆ ಏನೂ ಹೇಳಿದಂತಾಗಲಿಲ್ಲ. ಸದ್ಯಕ್ಕೆ 'ಗೆರೆ ನಿಲ್ಲುವ ಹದ' ಅಂತ ಬರೆದುಕೊಂಡಿದ್ದೇನೆ.

ಗುಳಂಬ ಮಾಡುವ ಮನೆಗಳಲ್ಲಿ ಈ ಹಂತಕ್ಕೆ ಹೆಸರು ಇದ್ದೇ ಇರಬೇಕು. ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೇ, ಊರಿನ ಹೆಸರಿನೊಂದಿಗೆ ಬರೆಯುತ್ತೀರಾ?