ಅನುದಾನ ಮುಗಿದ ಮೇಲೂ ಎನ್‌ಜಿಒ ಉಳಿಯಬೇಕಾದರೆ ಫೌಂಡೇಶನ್ ಏನು ಮಾಡಬೇಕು?

ಪ್ರಶ್ನೆ (ಫೌಂಡೇಶನ್ ಕಾರ್ಯಕ್ರಮ ಅಧಿಕಾರಿ): ನಮಸ್ಕಾರ. ರಾಯಚೂರು ಕಡೆ ಮಕ್ಕಳ ಕಲಿಕಾ ಕೇಂದ್ರ ನಡೆಸುವ ಸಂಸ್ಥೆಗೆ ನಾವು ಸಿಎಸ್‌ಆರ್ ಹಣದಲ್ಲಿ (ಕಂಪನಿಗಳು ಕಾನೂನಿನಂತೆ ಸಮಾಜದ ಕೆಲಸಕ್ಕೆ ಕೊಡುವ ಹಣ) ವರ್ಷಕ್ಕೆ 25 ಲಕ್ಷ ಕೊಡುತ್ತೇವೆ, ಅದರ ಮೇಲೆ ಆಡಳಿತಕ್ಕೆಂದು 5%. ಮೂರು ವರ್ಷ ಕಳೆದ ಮೇಲೆ ಅವರು ಸ್ವಂತ ಕಾಲ ಮೇಲೆ ನಿಲ್ಲಬೇಕು ಎನ್ನುತ್ತಾರೆ ನಮ್ಮ ಟ್ರಸ್ಟಿಗಳು. ಉಪ್ಪಿನಕಾಯಿ ಘಟಕ ಹಾಕಿಸಿಕೊಟ್ಟರೆ ಹೇಗೆ?

ಉತ್ತರ (ಲೆಕ್ಕಪರಿಶೋಧಕಿ): ಘಟಕದ ಮಾತು ಆಮೇಲೆ, ಮೊದಲು ಆ 5% ನೋಡಿ. ಸಿಎಸ್‌ಆರ್ ನಿಯಮದ 5% ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ಖರ್ಚಿಗೆ, ಯೋಜನೆ ನಡೆಸುವ ಸಂಸ್ಥೆಗಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಆದರೂ ಒಪ್ಪಂದದ ನಮೂನೆಗಳಲ್ಲಿ ಅದೇ 5% ಇನ್ನೂ ಉಳಿದುಕೊಂಡಿದೆ.

ನಿಜವಾದ ಖರ್ಚನ್ನು ಹೀಗೆ ಲೆಕ್ಕ ಹಾಕಿ. ಸಂಸ್ಥೆಯ ಎಲ್ಲ ಯೋಜನೆಗಳ ನೇರ ಖರ್ಚು 80 ಲಕ್ಷ ಎಂದುಕೊಳ್ಳಿ. ಬಾಡಿಗೆ, ಅಕೌಂಟೆಂಟ್, ಆಡಿಟ್, ಮುಖ್ಯಸ್ಥರ ಸಂಬಳ ಸೇರಿ ಸಾಮಾನ್ಯ ಖರ್ಚು 16 ಲಕ್ಷ. ಅಂದರೆ ನೇರ ಖರ್ಚಿನ 20%. ನಿಮ್ಮ 25 ಲಕ್ಷದ ಯೋಜನೆಯ ಪಾಲಿಗೆ ಬರುವುದು 5 ಲಕ್ಷ. ನೀವು ಕೊಡುತ್ತಿರುವುದು 1.25 ಲಕ್ಷ. ಉಳಿದ 3.75 ಲಕ್ಷಕ್ಕೆ ದಾರಿ ಕಾಣದೆ ಪೂರ್ಣಾವಧಿ ಅಕೌಂಟೆಂಟ್ ಹುದ್ದೆ ಹೋಗುತ್ತದೆ, ವಾರಕ್ಕೊಮ್ಮೆ ಬಂದು ಟ್ಯಾಲಿಯಲ್ಲಿ ವೋಚರ್ ಹಾಕಿ ಹೋಗುವವರು ಉಳಿಯುತ್ತಾರೆ. ಯುಟಿಲೈಸೇಶನ್ ಸರ್ಟಿಫಿಕೇಟ್ (ಕೊಟ್ಟ ಹಣ ಖರ್ಚಾದ ಬಗ್ಗೆ ಪ್ರಮಾಣಪತ್ರ) ತಡವಾಗುತ್ತದೆ, ಅದರಿಂದ ನಿಮ್ಮ ಮುಂದಿನ ಕಂತು ತಡೆಯುತ್ತದೆ, ಸಂಬಳ ನಿಲ್ಲುತ್ತದೆ, ಪಳಗಿದ ಶಿಕ್ಷಕಿ ಬಿಟ್ಟು ಹೋಗುತ್ತಾರೆ. ಸಾಮಾನ್ಯ ಖರ್ಚಿನ ಪಾಲನ್ನು ಬಜೆಟ್‌ನಲ್ಲಿ ಬಾಬ್ತುವಾರು ಬರೆಸಿ, ಪೂರ್ತಿ ಕೊಡಿ. ಬಾಕಿ ಎಲ್ಲ ಇದರ ಮೇಲೆ ನಿಂತಿದೆ.

ಇನ್ನು ಉಪ್ಪಿನಕಾಯಿ. ಮಾರಾಟದಲ್ಲಿ 10% ಉಳಿಯುತ್ತದೆ ಎಂದರೂ ವರ್ಷಕ್ಕೆ 5 ಲಕ್ಷ ಕೈಗೆ ಬರಲು 50 ಲಕ್ಷದ ವ್ಯಾಪಾರ ಆಗಬೇಕು. ಕಿಲೋಗೆ 200 ರೂಪಾಯಿಯಂತೆ 25 ಟನ್! ಮಾವಿನಕಾಯಿ, ಎಣ್ಣೆಗೆ ಸೀಸನ್ನಿನಲ್ಲಿ ಒಟ್ಟಿಗೆ ದುಡ್ಡು ಸುರಿಯಬೇಕು, ಅದು ವಾಪಸ್ ಬರುವುದು ವರ್ಷವಿಡೀ ಚೂರು ಚೂರಾಗಿ. ಪಾಠ ಮಾಡುವವರ ಹೆಗಲಿಗೆ ಈ ಹೊರೆ ಹಾಕಬೇಡಿ. ಅದೇ ದುಡ್ಡಲ್ಲಿ ದೇಣಿಗೆ ಸಂಗ್ರಹಕ್ಕೆ ಒಬ್ಬರನ್ನು ನೇಮಿಸಿ, ಎರಡು ವರ್ಷದ ಸಂಬಳ ಕೊಡಿ.

ಮರುಪ್ರಶ್ನೆ: ಧನ್ಯವಾದ ಮೇಡಂ. ಮೀಸಲು ನಿಧಿ ಕಟ್ಟಿಕೊಡಬಹುದೇ? ಟ್ರಸ್ಟಿ ಕುಟುಂಬದ ಸ್ವಂತ ದೇಣಿಗೆಯೂ ನಮ್ಮಲ್ಲಿದೆ.

ಉತ್ತರ: ಕುಟುಂಬದ ದೇಣಿಗೆಯಿಂದ ಕಟ್ಟಬಹುದು. ಸಿಎಸ್‌ಆರ್ ಹಣದಿಂದ ಆಗದು, ಕಾರ್ಪಸ್‌ಗೆ, ಅಂದರೆ ಕಾದಿಡುವ ಮೂಲನಿಧಿಗೆ ಕೊಟ್ಟದ್ದು 2021ರಿಂದ ಸಿಎಸ್‌ಆರ್ ಖರ್ಚಾಗಿ ಲೆಕ್ಕಕ್ಕಿಲ್ಲ. ಮೇಲಿನ ಸಂಸ್ಥೆಗೆ ವರ್ಷಕ್ಕೆ 96 ಲಕ್ಷ ಬೇಕು, ತಿಂಗಳಿಗೆ 8 ಲಕ್ಷ. ಮೂರು ತಿಂಗಳ ಉಸಿರಿಗೆ 24 ಲಕ್ಷ. ವರ್ಷಕ್ಕೆ 8 ಲಕ್ಷದಂತೆ ಮೂರು ವರ್ಷದಲ್ಲಿ ತುಂಬಿಸಿ.

ದೇಣಿಗೆ ಪತ್ರದಲ್ಲಿ ‘ಕಾರ್ಪಸ್‌ಗಾಗಿ’ ಎಂದು ಸ್ಪಷ್ಟವಾಗಿ ಬರೆಯಲೇಬೇಕು. ಇಲ್ಲದಿದ್ದರೆ ಅದು ಮಾಮೂಲಿ ಆದಾಯವಾಗಿ, ತೆರಿಗೆ ವಿನಾಯಿತಿಗಾಗಿ 85% ಆ ವರ್ಷವೇ ಖರ್ಚು ಮಾಡಬೇಕಾದ ಲೆಕ್ಕಕ್ಕೆ ಬೀಳುತ್ತದೆ. ಹಣವನ್ನು ಬ್ಯಾಂಕ್ ಎಫ್‌ಡಿಯಂಥ, ತೆರಿಗೆ ಕಾನೂನು ಒಪ್ಪುವ ಕಡೆಯೇ ಇಡಬೇಕು. ಯಾವಾಗ ತೆಗೆಯಬಹುದು, ಯಾರ ಸಹಿ ಬೇಕು ಎಂದು ಅವರ ಬೋರ್ಡ್ ನಿರ್ಣಯ ಮಾಡಲಿ. ತೆಗೆದದ್ದನ್ನು 5 ವರ್ಷದೊಳಗೆ ಮರಳಿ ತುಂಬಿದಾಗ ಮಾತ್ರ ಆ ಖರ್ಚು 85%ರಲ್ಲಿ ಸೇರುತ್ತದೆ.

ನಿಮ್ಮ ಕಡೆಯೂ ಒಂದು ತೊಡಕಿದೆ. ನಿಮ್ಮದೂ ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ಆಗಿದ್ದರೆ, ಇನ್ನೊಂದು ಟ್ರಸ್ಟಿಗೆ ಕೊಟ್ಟ ಕಾರ್ಪಸ್ ನಿಮ್ಮ 85% ಖರ್ಚಿನಲ್ಲಿ ಸೇರುವುದಿಲ್ಲ. ನೀವು ಉಳಿಸಿಕೊಳ್ಳಬಹುದಾದ 15%ರೊಳಗಿಂದಲೇ ಕೊಡಿ.

ಸೇರ್ಪಡೆ (ಎನ್‌ಜಿಒ ಹಣಕಾಸು ವ್ಯವಸ್ಥಾಪಕರು): ಮೇಡಂ ಹೇಳಿದ್ದರ ಜೊತೆಗೆ ತಾರೀಕನ್ನೂ ನೋಡಿ ಸರ್. ಫೆಬ್ರವರಿಯಲ್ಲಿ ಹಣ ಹಾಕಿ ಮಾರ್ಚ್ 31ರೊಳಗೆ ಮುಗಿಸಿ ಎಂದರೆ ಖರ್ಚು ದಾರಿ ತಪ್ಪುತ್ತದೆ. ಕಂಪನಿಯ ಮಂಡಳಿಯಿಂದ ಇದನ್ನು ‘ಮುಂದುವರಿಯುವ ಯೋಜನೆ’ ಎಂದು ಮಂಜೂರು ಮಾಡಿಸಿ. ಆಗ ಆರಂಭದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಸಿಗುತ್ತದೆ. ಖರ್ಚಾಗದ ಹಣವನ್ನು ಕಂಪನಿ ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಬೇಕು. ಮೊದಲ ಕಂತು ಏಪ್ರಿಲ್‌ನಲ್ಲೇ, ಮುಂಗಡವಾಗಿ ಬರಲಿ. ಬೆಂಬಲ ನಿಲ್ಲಿಸುವುದಿದ್ದರೆ 18 ತಿಂಗಳ ಮುಂಚೆಯೇ ಪತ್ರದಲ್ಲಿ ತಿಳಿಸಿ. ಹೊಸ ದಾನಿಗೆ ಅರ್ಜಿ ಹಾಕಿ, ಅವರು ಬಂದು ನೋಡಿ, ಮೊದಲ ಕಂತು ಕೈಸೇರುವಷ್ಟರಲ್ಲಿ ಒಂದು ವರ್ಷ ಕಳೆದುಹೋಗಿರುತ್ತದೆ.