ಮೆಕ್ಯಾನಿಕ್‌ಗೆ ಕೇಳಿ: ರಿಯೊಹಾ ದ್ರಾಕ್ಷಿ ಸೀಮೆಯಲ್ಲಿ ಗೈಡ್ ಇಲ್ಲದ ಸೈಕಲ್ ಪ್ರವಾಸ

ಅಡ್ಮಿನ್: ಈ ವಾರ ಸ್ಪೇನ್‌ನ ರಿಯೊಹಾ ಪ್ರವಾಸದ ಪ್ರಶ್ನೆ ಮಾತ್ರ. ಗೈಡ್ ಇಲ್ಲದೆ, ಫೋನಿನ ನಕ್ಷೆ ನೋಡಿಕೊಂಡು, ಊರಿಂದೂರಿಗೆ ತಂಗುತ್ತ ಹೋಗುವವರಿಗೆ. ಉತ್ತರ ಕೊಡುವವರು ನಮ್ಮ ಗುಂಪಿನ ಮೆಕ್ಯಾನಿಕ್. ದೂರದ ಪ್ರವಾಸಕ್ಕೆ ಸೈಕಲ್ ಸಜ್ಜು ಮಾಡುವುದು, ದಾರಿ ಹಾಕಿಕೊಡುವುದು ಅವರ ಕಸುಬು. ಹೆಸರಿನ ಬದಲು ಊರು ಬರೆಯಿರಿ.

ಮೈಸೂರು: ನಮಸ್ಕಾರ ಸರ್. ಸೆಪ್ಟೆಂಬರ್ ಕೊನೆಗೆ ಐದು ದಿನ ಹೋಗ್ತಿದ್ದೇವೆ, ಇಬ್ಬರು. ಲೊಗ್ರೊನ್ಯೊದಿಂದ ಆರೊ ಕಡೆ ಹೋಗೋದಾ, ಆರೊದಿಂದ ಲೊಗ್ರೊನ್ಯೊಗೆ ಬರೋದಾ?

ಮೆಕ್ಯಾನಿಕ್: ನಮಸ್ಕಾರ. ಆರೊದಿಂದ ಹೊರಡಿ. (ನಕ್ಷೆಯಲ್ಲಿ ಹಾರೊ ಅಂತ ಓದಿಕೊಳ್ಳುವ ಹಾಗಿರುತ್ತೆ, ಅಲ್ಲಿ ಆ ಹಕಾರ ಉಚ್ಚರಿಸುವುದಿಲ್ಲ.) ಎಬ್ರೊ ನದಿ ಹರಿಯುವ ದಿಕ್ಕೂ ಅದೇ. ಆರೊ ಸುಮಾರು 480 ಮೀಟರ್ ಎತ್ತರದಲ್ಲಿದೆ, ಲೊಗ್ರೊನ್ಯೊ 385ರ ಆಸುಪಾಸು. ಇಳಿತಕ್ಕಿಂತ ಮುಖ್ಯ ಗಾಳಿ. ವಾಯವ್ಯದಿಂದ ಎಬ್ರೊ ಕಣಿವೆ ಹಿಡಿದು ಬೀಸುವ ಸಿಯೆರ್ಸೊ ಬೆನ್ನಿಗೆ ಸಿಕ್ಕರೆ ಪುಣ್ಯ, ಎದೆಗೆ ಸಿಕ್ಕರೆ 30 ಕಿ.ಮೀ. ದಾರಿ 50ರಷ್ಟು ದಣಿಸುತ್ತೆ.

ಮೊದಲ ದಿನ ಆರೊ ಬಿಟ್ಟು ಕದಲಬೇಡಿ. ರೈಲು ನಿಲ್ದಾಣದ ಸುತ್ತಲೇ ಹಳೆಯ ಬೊದೇಗಾಗಳಿವೆ (ವೈನ್ ತಯಾರಿಸುವ ಮನೆಗಳು): ಲೋಪೆಸ್ ದೆ ಎರೆದಿಯಾ 1877ರದ್ದು, ಊರವರು ಕೂನೆ ಅನ್ನುವುದು 1879ರದ್ದು. ಎಲ್ಲ ಕಾಲ್ನಡಿಗೆಯಲ್ಲೇ ಮುಗಿಯುತ್ತೆ. ಎರಡನೇ ದಿನ ಕಾಸಲರೇನಾದಿಂದ ಎಸ್ಕರಾಯ್‌ವರೆಗೆ ಹಳೇ ರೈಲು ಹಳಿಯ ಜಾಗದಲ್ಲಿ ಮಾಡಿದ 28 ಕಿ.ಮೀ. ಸೈಕಲ್ ದಾರಿ. ಹೋಗುವಾಗ ಒಂದೇ ಸಮನೆ ಸಣ್ಣ ಏರು, ಬರುವಾಗ ಇಳಿತ. ಆಯಾಸ ಅನ್ನಿಸಿದರೆ ಸಾಂತೊ ದೊಮಿಂಗೊದಲ್ಲೇ ತಿರುಗಿ. ಮೂರನೇ ದಿನ ಬ್ರಿನ್ಯಾಸ್, ಲಬಸ್ತಿದಾ, ಸಾನ್ ವಿಸೆಂತೆ, ಸಮನಿಯೆಗೊ ಹಾದು ಲಾಗ್ವಾರ್ದಿಯಾ, ಸುಮಾರು 30 ಕಿ.ಮೀ. ಕೊನೆಗೆ ಗುಡ್ಡ ಹತ್ತಬೇಕು, ಊರು ಕೋಟೆಯೊಳಗೆ 635 ಮೀಟರ್ ಎತ್ತರದಲ್ಲಿದೆ. ನಾಲ್ಕನೇ ದಿನ ಎಲ್ಸಿಯೆಗೊಗೆ ಇಳಿದು ಸೆನಿಸೆರೊ, ನವರೆತೆ ಮೇಲೆ ಲೊಗ್ರೊನ್ಯೊ. ಐದನೇ ದಿನ ಖಾಲಿ ಬಿಡಿ, ಮಳೆಗೆ.

ಎನ್-232 ಹೆದ್ದಾರಿ ಹತ್ತಬೇಡಿ, ವಾಹನ ಜಾಸ್ತಿ. ನಕ್ಷೆಯ ಆ್ಯಪ್ ಹತ್ತಿರದ ದಾರಿ ಅಂತ ಅದನ್ನೇ ತೋರಿಸುತ್ತೆ.

ಬೆಂಗಳೂರು, ಜಯನಗರ: ಮಳೆಗೆ ಅಂತ ಒಂದು ಇಡೀ ದಿನ ಬಿಡಬೇಕಾ? ರೇನ್‌ಕೋಟ್ ಹಾಕ್ಕೊಂಡು ಓಡಿಸಿದ್ರೆ ಆಯ್ತಲ್ಲ.

ಮೆಕ್ಯಾನಿಕ್: ನೆನೆಯುವುದು ಸಮಸ್ಯೆ ಅಲ್ಲ, ಮಣ್ಣು. ತೋಟದ ನಡುವಿನ ದಾರಿಗಳು ಸುಣ್ಣ ಬೆರೆತ ಜೇಡಿ. ಒಂದು ಗಂಟೆ ಮಳೆ ಬಿದ್ದರೆ ಹಿಟ್ಟಿನ ಹಾಗೆ ಟೈರಿಗೆ ಮೆತ್ತಿಕೊಳ್ಳುತ್ತೆ, ಮಡ್‌ಗಾರ್ಡ್‌ಗೂ ಟೈರಿಗೂ ನಡುವಿನ ಸಂದು ತುಂಬಿ ಚಕ್ರ ನಿಂತುಬಿಡುತ್ತೆ. ಜನ ಆಗ ಬಲ ಹಾಕಿ ಪೆಡಲ್ ತುಳಿಯುತ್ತಾರೆ. ಚೈನಿಗೆ ಸೇರಿದ ಮಣ್ಣು ಗೇರ್ ಬದಲಿಸುವ ಹಿಂದಿನ ಡಿರೇಲರನ್ನು ಎಳೆದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತೆ. ಆ ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಥರ, ಹಳ್ಳಿಯಲ್ಲಿ ಸಿಗುವುದಿಲ್ಲ. ಸ್ವಂತ ಸೈಕಲ್ ಒಯ್ಯುವವರು ಇನ್ನೊಂದು ಹ್ಯಾಂಗರ್ ಕೊಂಡು ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ. ಮಳೆ ಬಂದರೆ ಡಾಂಬರು ಬಿಟ್ಟು ಇಳಿಯಬೇಡಿ. ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯಿರಿ. ಪ್ರೆಷರ್ ನೀರನ್ನು ಚಕ್ರದ ನಡುವಿನ ಹಬ್ ಕಡೆ ಹಿಡಿದರೆ ಗ್ರೀಸು ತೊಳೆದುಹೋಗುತ್ತೆ.

ಕೊಯ್ಲಿನ ಕಾಲ ಆದ್ದರಿಂದ ಇನ್ನೊಂದು ಮಾತು. ಟ್ರ್ಯಾಕ್ಟರ್ ಟ್ರೇಲರಿನಿಂದ ದ್ರಾಕ್ಷಿ ಉದುರಿ ತಿರುವುಗಳಲ್ಲಿ ಜಜ್ಜಿ ಬಿದ್ದಿರುತ್ತೆ. ಬಾಳೆಹಣ್ಣಿನ ಸಿಪ್ಪೆಯಂತೆ ಜಾರುತ್ತೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನ ಮೇಲೆ ಬ್ರೇಕ್ ಬೇಡ.

ಹಾಸನ: ಟೈರಿಗೆ ಎಷ್ಟು ಗಾಳಿ?

ಮೆಕ್ಯಾನಿಕ್: 35 ಮಿ.ಮೀ. ಟೈರು, 75 ಕೆ.ಜಿ. ಸವಾರ ಅಂದರೆ 45ರಿಂದ 55 ಪಿಎಸ್‌ಐ. ಹಿಂದೆ 5 ಜಾಸ್ತಿ.

ಧಾರವಾಡ: ಸರ, ವಿಮಾನದಾಗ ಟೈರ್ ಸಿಡೀತಾವಂತ, ಪೂರ್ತಿ ಗಾಳಿ ಬಿಡ್ರಿ ಅಂತ ಮೆಸೇಜ್ ಬಂದದ. ಖರೇನೇನ್ರಿ?

ಮೆಕ್ಯಾನಿಕ್: ಇಲ್ಲ. ಹೊರಗಿನ ಗಾಳಿಯೊತ್ತಡ ಸೊನ್ನೆಗೆ ಇಳಿದರೂ ವ್ಯತ್ಯಾಸ 15 ಪಿಎಸ್‌ಐ ದಾಟುವುದಿಲ್ಲ, ಸಾಮಾನು ಇಡುವ ಜಾಗದಲ್ಲೂ ಒತ್ತಡ ಕಾಯ್ದಿರುತ್ತಾರೆ. ಪೂರ್ತಿ ಬಿಟ್ಟರೆ ಡಬ್ಬ ಎತ್ತಿ ಹಾಕುವಾಗ ಪೆಟ್ಟು ನೇರ ರಿಮ್ಮಿಗೆ. ಅರ್ಧ ಇಳಿಸಿ. ಏರ್‌ಲೈನ್ ಇನ್ನೂ ಇಳಿಸಿ ಅಂದರೆ ಅವರ ಮಾತು ಕೇಳಿ. ಎಡ ಪೆಡಲಿನ ತಿರುಪು ಉಲ್ಟಾ, ಬಿಚ್ಚುವಾಗ ನೆನಪಿರಲಿ. ಚಕ್ರ ತೆಗೆದ ಮೇಲೆ ಬ್ರೇಕ್ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಇಲ್ಲದಿದ್ದರೆ ದಾರಿಯಲ್ಲಿ ಲಿವರ್ ಒತ್ತಿ, ಪ್ಯಾಡನ್ನು ತಳ್ಳುವ ಪಿಸ್ಟನ್ ಹೊರಗೆ ಬರುತ್ತೆ.

ಶಿವಮೊಗ್ಗ: ಇ-ಬೈಕ್ ಇಲ್ಲಿಂದಲೇ ತಗೊಂಡು ಹೋಗಬಹುದಾ?

ಮೆಕ್ಯಾನಿಕ್: ಆಗಲ್ಲ. 160 ವ್ಯಾಟ್‌ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನಕ್ಕೆ ಬಿಡುವುದಿಲ್ಲ, ಇ-ಬೈಕಿನದ್ದು 400 ಮೇಲೆ. ಅಲ್ಲೇ ಬಾಡಿಗೆಗೆ ತಗೊಳ್ಳಿ. ಹೆಚ್ಚಿನವುಗಳಲ್ಲಿ ಎಡ ಲಿವರ್ ಮುಂದಿನ ಬ್ರೇಕು, ನಮ್ಮಲ್ಲಿಯ ಉಲ್ಟಾ. ಅಂಗಡಿ ಮುಂದೆಯೇ ಒಂದೊಂದಾಗಿ ಒತ್ತಿ ನೋಡಿ ಆಮೇಲೆ ರಸ್ತೆಗೆ ಇಳಿಯಿರಿ.

ಜಯನಗರ: ಇ-ಬೈಕ್‌ನಲ್ಲಿ ಹೋಗೋದು ಸೈಕ್ಲಿಂಗ್ ಅಲ್ಲ ಬಿಡಿ.

ಶಿವಮೊಗ್ಗ: ನನ್ನ ಮಂಡಿ ನಿಮ್ಮದಲ್ಲ ಸ್ವಾಮಿ.

ತಿಪಟೂರು: ಸರ್, ನಮ್ಮನೆಯವರ ಸೈಕಲ್‌ನ ಡಿಸ್ಕ್ ಬ್ರೇಕ್ ಕಿರ್ ಅಂತ ಕೂಗ್ತಿತ್ತು. ಇದೇ ಗುಂಪಲ್ಲಿ ಬಂದ ಫಾರ್ವರ್ಡ್ ನೋಡಿ ಮುಂದಿನ ರೋಟರ್‌ಗೆ (ಬ್ರೇಕ್ ಹಿಡಿಯೋ ತಗಡು) ಎರಡು ಹನಿ ಕೊಬ್ಬರಿ ಎಣ್ಣೆ ಸವರಿದ್ರು. ಸದ್ದು ನಿಂತಿದೆ, ಬೀದೀಲಿ ಓಡಿಸಿದ್ರೆ ಹಿಡಿಯುತ್ತೆ. ಲಾಗ್ವಾರ್ದಿಯಾದಲ್ಲಿ ಇರುವಾಗ ಒಂದು ದಿನ ಎರ್ರೆರಾ ಘಾಟಿ ಹತ್ತಿ ಇಳಿಯೋ ಪ್ಲಾನ್ ಇದೆ. ಅವರ ತೂಕ 86, ಸೈಕಲ್ 13, ಚೀಲ 9 ಕೆ.ಜಿ. ವಿಮಾನ ಇನ್ನು ಒಂಬತ್ತು ದಿನಕ್ಕೆ. ತೊಂದರೆ ಇಲ್ಲ ತಾನೆ?

ಮೆಕ್ಯಾನಿಕ್: ಮೇಡಂ, ತೊಂದರೆ ಇದೆ. ಆ ಸೈಕಲನ್ನು ಇವತ್ತಿನಿಂದ ಯಾರೂ ಹತ್ತಬಾರದು. ದಯವಿಟ್ಟು ಪೂರ್ತಿ ಓದಿ, ಅವರಿಗೂ ಓದಿಸಿ.

ರೋಟರನ್ನು ಒತ್ತಿ ಹಿಡಿಯುವ ಪ್ಯಾಡ್ ಅನ್ನುವುದು ಗಟ್ಟಿ ಕಲ್ಲಲ್ಲ, ಸೂಕ್ಷ್ಮ ರಂಧ್ರಗಳಿರುವ ವಸ್ತು. ಎಣ್ಣೆಯನ್ನು ಇಡ್ಲಿ ಸಾಂಬಾರು ಹೀರಿದ ಹಾಗೆ ಹೀರುತ್ತೆ. ತಣ್ಣಗಿರುವಾಗ, ಮೆಲ್ಲಗೆ ಹೋಗುವಾಗ ಮೇಲ್ಪದರ ಒರೆಸಿಹೋಗಿ ಹಿಡಿದಂತೆ ಕಾಣುತ್ತೆ. ಬಿಸಿಯಾದಾಗ ಒಳಗಿನ ಎಣ್ಣೆ ಮೇಲೆ ಬರುತ್ತೆ. ಬೀದಿಯಲ್ಲಿ ಪರೀಕ್ಷೆ ಪಾಸಾಗಿ ಘಾಟಿಯಲ್ಲಿ ಕೈಕೊಡುವುದು ಅದಕ್ಕೇ.

ಈಗ ಘಾಟಿಯ ಲೆಕ್ಕ. ಎರ್ರೆರಾ ಸುಮಾರು 1,100 ಮೀಟರ್. ಲೆಸಾ ಊರಿಗೆ ಇಳಿಯುವ ಹೊತ್ತಿಗೆ 500 ಮೀಟರಿಗೂ ಮಿಕ್ಕಿ ಕೆಳಗೆ ಬಂದಿರುತ್ತೀರಿ. 108 ಕೆ.ಜಿ. 500 ಮೀಟರ್ ಇಳಿದರೆ ಸುಮಾರು 530 ಕಿಲೋಜೂಲ್. ಒಂದೂವರೆ ಲೀಟರ್ ನೀರು ಕುದಿಸುವಷ್ಟು ಶಾಖ ಅದು. ಒಂದು ಪಾಲನ್ನು ಗಾಳಿ ತೆಗೆದುಕೊಳ್ಳುತ್ತೆ, ಮಿಕ್ಕಿದ್ದೆಲ್ಲ ಅಂಗೈ ಅಗಲದ ಎರಡು ತಗಡಿಗೆ ಹೋಗಬೇಕು. ಮುಂದಿನದು ಜಾರಿದರೆ ಹಿಂದಿನದೊಂದೇ ಹೊರೆ ಹೊತ್ತು ಕಾಯುತ್ತೆ, ಆಮೇಲೆ ಅದೂ ಸೋಲುತ್ತೆ.

ಮಾಡಬೇಕಾದ್ದು: ಮುಂದಿನ ಚಕ್ರ ಬಿಚ್ಚಿ, ಪ್ಯಾಡ್ ಎರಡೂ ತೆಗೆದು ಕಸಕ್ಕೆ ಹಾಕಿ. ಉಪ್ಪುಕಾಗದ ಉಜ್ಜುವುದು, ಗ್ಯಾಸ್ ಒಲೆ ಮೇಲೆ ಸುಡುವುದು ಯಾವುದೂ ಬೇಡ. ಉಜ್ಜಿದರೆ ಮೇಲಿನ ಪದರ ಮಾತ್ರ ಹೋಗುತ್ತೆ, ಸುಟ್ಟರೆ ಅಂಟು ಬಿಡುತ್ತೆ. ಪ್ಯಾಡಿನ ಬೆನ್ನಿನ ಲೋಹದ ಮೇಲೆ ನಂಬರ್ ಕೊರೆದಿರುತ್ತೆ, ಅದೇ ನಂಬರಿನ ಹೊಸದು ಕೊಳ್ಳಿ. ಎರಡು ಜೊತೆ ತಗೊಳ್ಳಿ, ಒಂದು ಪ್ರವಾಸಕ್ಕೆ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಶುಭ್ರ ಹತ್ತಿ ಬಟ್ಟೆ, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು, ಬಟ್ಟೆ ಬೆಳ್ಳಗೆ ಉಳಿಯುವ ತನಕ. ಸೀಮೆಎಣ್ಣೆ, ಪೆಟ್ರೋಲ್ ಬೇಡ, ಅವು ತಾವೇ ಜಿಡ್ಡು ಬಿಡುತ್ತವೆ. ಪ್ಯಾಡ್ ಕೂರುವ ಕ್ಯಾಲಿಪರಿನ ಒಳಗೂ ಪಿಸ್ಟನ್ ಮುಖವನ್ನೂ ಅದೇ ದ್ರಾವಣದಲ್ಲಿ ಒರೆಸಿ. ಇಷ್ಟಾಗುವವರೆಗೆ ಹೊಸ ಪ್ಯಾಡನ್ನು ಪೊಟ್ಟಣದಿಂದ ತೆಗೆಯಬೇಡಿ, ಕೈಯ ಜಿಡ್ಡು ಸಾಕು ಕೆಡಿಸಲು.

ಆಮೇಲೆ ಹೊಸ ಪ್ಯಾಡ್ ಹಾಕಿ ಪಳಗಿಸುವುದು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20-25 ಕಿ.ಮೀ.ಗೆ ಏರಿಸಿ, ಮುಂದಿನ ಬ್ರೇಕು ಮಾತ್ರ ಒತ್ತಿ ನಡಿಗೆಯ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಹದಿನೈದು ಇಪ್ಪತ್ತು ಸಲ. ಸಲದಿಂದ ಸಲಕ್ಕೆ ಹಿಡಿತ ಬಿಗಿಯಾಗುತ್ತ ಬರಬೇಕು. ಬರಲಿಲ್ಲ ಅಂದರೆ, ಅಥವಾ ಕೊಬ್ಬರಿ ಎಣ್ಣೆ ಕಾದ ವಾಸನೆ ಬಂದರೆ ರೋಟರೂ ಬದಲಾಯಿಸಿ. ಹಿಂದಿನದಕ್ಕೂ ಹಚ್ಚಿದ್ದಾರಾ? ಬ್ರೇಕಿನ ಕಂಪನಿ ಯಾವುದು? ಎರಡೂ ಕೇಳಿ ಹೇಳಿ.

ಮೊದಲಿನ ಸದ್ದಿಗೆ ಕಾರಣ ಬಹುಶಃ ಕ್ಯಾಲಿಪರ್ ಓರೆ ಕೂತಿರುವುದು. ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದುಕೊಂಡೇ ಒಂದಾದಮೇಲೊಂದು ಸ್ವಲ್ಪ ಸ್ವಲ್ಪ ಬಿಗಿದರೆ ಸರಿಹೋಗುತ್ತೆ. ಎರಡು ನಿಮಿಷದ ಕೆಲಸ.

ಆ ಫಾರ್ವರ್ಡ್ ಹಾಕಿದವರು ದಯವಿಟ್ಟು ಅಳಿಸಿ. ಮನುಷ್ಯ ಸಾಯುವ ಸಂಗತಿ ಇದು.

ಧಾರವಾಡ: ನಾನೇ ಹಾಕಿದ್ದೆ. ನನಗೂ ಬ್ಯಾರೆ ಗ್ರೂಪಿನಿಂದ ಬಂದಿತ್ತು, ಒಳ್ಳೇದಾಗ್ಲಿ ಅಂತ ಹಾಕಿದೆ. ಅಳಿಸೇನಿ.

ಬೆಳಗಾವಿ: ಟೈರ್ ಗಾಳಿ ಎಷ್ಟಿರಬೇಕು ಸರ?

ಮೆಕ್ಯಾನಿಕ್: ಮೇಲೆ ಇದೆ.

ಉಡುಪಿ: ಸರ್, ನಾವು ಪೂರ್ತಿ ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತೆ. ಊಟಕ್ಕೆ ಕಷ್ಟವಾ?

ಮೆಕ್ಯಾನಿಕ್: ಹುಷಾರಾಗಿರಬೇಕು. ಮಾಂಸ ಬೇಡ ಅಂದರೆ ಹ್ಯಾಮ್, ಮೀನು ಬರುವುದಿಲ್ಲ ಅಂದುಕೊಳ್ಳಬೇಡಿ. ರಿಯೊಹಾ ಶೈಲಿಯ ಆಲೂಗೆಡ್ಡೆಗೆ ಚೊರಿಸೊ (ಹಂದಿ ಮಾಂಸದ ಸಾಸೇಜ್) ಹಾಕುತ್ತಾರೆ, ಮೆನೆಸ್ತ್ರಾ ಅನ್ನುವ ತರಕಾರಿ ಪಲ್ಯದಲ್ಲೂ ಹ್ಯಾಮ್ ಚೂರು ಬರಬಹುದು. ಲೊಗ್ರೊನ್ಯೊದ ಲೌರೆಲ್ ಬೀದಿಯ ಹೆಸರುವಾಸಿ ತಿಂಡಿ ಅಣಬೆ ಪಿಂಚೊ ಮೇಲೆ ಸಣ್ಣ ಸಿಗಡಿ ಚುಚ್ಚಿರುತ್ತೆ. "ಸಿನ್ ಹಮೊನ್, ಸಿನ್ ಚೊರಿಸೊ, ಸಿನ್ ಪೆಸ್ಕಾದೊ" (ಹ್ಯಾಮ್ ಬೇಡ, ಚೊರಿಸೊ ಬೇಡ, ಮೀನು ಬೇಡ) ಅಂತ ಒಂದೊಂದಾಗಿ ಹೇಳಿ. ಆಲೂ ತೊರ್ತಿಯಾ (ಆಲೂಗೆಡ್ಡೆ ಹಾಕಿದ ಆಮ್ಲೆಟ್) ನಂಬಬಹುದು. ಮಧ್ಯಾಹ್ನದ ಅಡುಗೆಮನೆ ಎರಡರಿಂದ ಮೂರೂವರೆ, ರಾತ್ರಿ ಒಂಬತ್ತರ ಮೇಲೆ. ನಡುವೆ ಅಂಗಡಿಯೂ ಮುಚ್ಚಿರುತ್ತೆ, ಭಾನುವಾರ ಪೂರ್ತಿ ಮುಚ್ಚುವುದೂ ಉಂಟು. ಚೀಲದಲ್ಲಿ ಕಡಲೆ, ಖರ್ಜೂರ ಇರಲಿ.

ಧಾರವಾಡ: ಸರ, ಇದೂ ಒಂದು ಕೇಳೇಬಿಡ್ತೇನ್ರಿ. ಬಿಸಿಲಿಗೆ ಕೆಂಪು ವೈನ್ ಕುಡಿದ್ರ ಸುಸ್ತಾಗಂಗಿಲ್ಲ, ಅಲ್ಲಿ ರೈತರು ನೀರಿನ ಬದ್ಲಿ ಅದನ್ನೇ ಕುಡೀತಾರ ಅಂತ ಬಂದದ.

ಮೆಕ್ಯಾನಿಕ್: ಸುಳ್ಳು. ಆಲ್ಕೋಹಾಲ್ ಮೂತ್ರ ಹೆಚ್ಚಿಸಿ ಮೈಯ ನೀರು ತೆಗೆಯುತ್ತೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಕುಡಿಯಿರಿ. ಊರ ನಲ್ಲಿಯ ಮೇಲೆ "ನೊ ಪೊತಾಬ್ಲೆ" ಅಂತಿದ್ದರೆ ಅದು ಕುಡಿಯುವ ನೀರಲ್ಲ. ಸ್ಪೇನ್‌ನಲ್ಲಿ ಕುಡಿದು ಓಡಿಸುವ ಮಿತಿ ಸೈಕಲ್ಲಿಗೂ ಇದೆ: ಉಸಿರಿನಲ್ಲಿ ಲೀಟರಿಗೆ 0.25 ಮಿ.ಗ್ರಾಂ. ದಾಟಿದರೆ 500 ಯೂರೊ ದಂಡ, ಅದರ ಎರಡರಷ್ಟು ದಾಟಿದರೆ 1,000.

ಮಂಗಳೂರು: ಅಷ್ಟೆಲ್ಲ ಹೆದರಿಸಬೇಡಿ ಮಾರಾಯ್ರೆ. ತೋಟದ ದಾರಿಯಲ್ಲಿ ಯಾವ ಪೊಲೀಸ್ ನಿಂತಿರ್ತಾನೆ? ಮೂರು ಕಡೆ ಒಂದೊಂದು ಗ್ಲಾಸ್ ಅಂದ್ರೆ ಏನೂ ಆಗುವುದಿಲ್ಲ.

ಮೈಸೂರು: ಪೊಲೀಸ್ ಇಲ್ಲ ಅಂದ್ರೆ ಟ್ರ್ಯಾಕ್ಟರ್ ಇರಲ್ವಾ? ನೀವು ಬಿದ್ರೆ ಎತ್ತೋಕೆ ಜೊತೆಗಿದ್ದವರು ಬೇಕು.

ಮಂಗಳೂರು: ವೈನ್ ಊರಿಗೆ ಹೋಗಿ ನೀರು ಕುಡಿದು ಬರುವವರು ಮೈಸೂರಲ್ಲೇ ಇರಬಹುದಿತ್ತಲ್ಲ?

ಧಾರವಾಡ: ಅದೂ ಖರೇನ.

ಮೈಸೂರು: ನೀವು ಮೊದಲು ಎಣ್ಣೆ ವಿಷಯಕ್ಕೆ ಆ ಮೇಡಂ ಹತ್ರ ಕ್ಷಮೆ ಕೇಳಿ, ಆಮೇಲೆ ವೈನ್.

ಧಾರವಾಡ: ಅಳಿಸೇನಿ ಅಂದೆನಲ್ರೀ, ಇನ್ನೇನ್ ಕಾಲಿಗೆ ಬೀಳ್ಬೇಕಾ?

ಅಡ್ಮಿನ್: ವಿಷಯಕ್ಕೆ ಬನ್ನಿ. ಇಲ್ಲದಿದ್ದರೆ ಮೆಸೇಜ್ ಬಂದ್ ಮಾಡುತ್ತೇನೆ.

ಮೆಕ್ಯಾನಿಕ್: ರುಚಿ ನೋಡುವ ಕಡೆ ಉಗುಳುವ ಪಾತ್ರೆ ಇರುತ್ತೆ, "ಎಸ್ಕುಪಿದೇರಾ" ಅಂತ ಕೇಳಿ. ತಜ್ಞರೂ ಉಗುಳುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಇಷ್ಟವಾದದ್ದನ್ನು ರಾತ್ರಿ ತಂಗುವ ಊರಿನಲ್ಲಿ ಕುಡಿಯಿರಿ. ಬೊದೇಗಾ ಭೇಟಿ ಮುಂಚೆಯೇ ಬುಕ್ ಮಾಡಬೇಕು, ದಿನಕ್ಕೆ ಒಂದು ಸಾಕು. ಮಂಗಳೂರಿನವರಿಗೆ ಇಷ್ಟೇ, ವಾದ ಬೆಳೆಸುವುದಿಲ್ಲ.

ಮಂಡ್ಯ: ಶುಗರ್‌ಗೆ ಗ್ಲಿಮೆಪಿರೈಡ್ ತಗೋತೀನಿ, ಒಂದು ಗ್ಲಾಸ್ ವೈನ್ ಪರವಾಗಿಲ್ವಾ?

ಹಾಸನ: ಮೆಂತ್ಯ ನೆನೆಸಿದ ನೀರು ಬೆಳಿಗ್ಗೆ ಕುಡಿದು ಹೊರಡಿ ಸಾರ್, ಶುಗರ್ ಏರಲ್ಲ.

ಮೆಕ್ಯಾನಿಕ್: ಹಾಸನದವರೇ, ನಿಲ್ಲಿಸಿ. ಇಲ್ಲಿ ಅಪಾಯ ಏರುವುದಲ್ಲ, ಇಳಿಯುವುದು. ಆ ಮಾತ್ರೆ, ವೈನು, ದಿನವಿಡೀ ಪೆಡಲ್ ಮೂರೂ ಸೇರಿದರೆ ರಾತ್ರಿ ನಿದ್ದೆಯಲ್ಲೂ ಸಕ್ಕರೆ ಕುಸಿಯಬಹುದು. ಮಂಡ್ಯದವರೇ, ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕಾಣಿ. ಈ ಗುಂಪಿನಲ್ಲಿ ಕೇಳಬೇಡಿ. ತುರ್ತಿಗೆ ಅಲ್ಲಿಯ ನಂಬರ್ 112.

ದಾವಣಗೆರೆ: ಮೂರು ವರ್ಷದ ಮಗುವಿಗೆ ಹಿಂದಿನ ಸೀಟ್ ಬಾಡಿಗೆಗೆ ಸಿಗುತ್ತಾ?

ಬೆಂಗಳೂರು, ಯಲಹಂಕ: ಪಂಕ್ಚರ್ ಹೆಚ್ಚಾ ಸರ್ ಅಲ್ಲಿ?

ಮೆಕ್ಯಾನಿಕ್: ಹೊಲದ ಅಂಚಿನಲ್ಲಿ ಹೆಚ್ಚು. ನಮ್ಮ ನೆಗ್ಗಿಲು ಮುಳ್ಳೇ, ಅಲ್ಲಿ ಅದಕ್ಕೆ ಅಬ್ರೊಹೊ ಅಂತಾರೆ. ಹೇಗೆ ಬಿದ್ದರೂ ಒಂದು ಮೊನೆ ಮೇಲೆ. ಸೈಕಲನ್ನು ಬದಿಯ ಹುಲ್ಲಿಗೆ ಇಳಿಸಬೇಡಿ, ಡಾಂಬರಿನ ಮೇಲೇ ಒರಗಿಸಿ. ಒಂದು ಮುಳ್ಳು ಸಿಕ್ಕಿತು ಅಂತ ಹೊಸ ಟ್ಯೂಬ್ ಹಾಕಿಬಿಡಬೇಡಿ, ಒಂದಿದ್ದಲ್ಲಿ ನಾಲ್ಕಿರುತ್ತವೆ. ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳು ಆಡಿಸಿ ಪೂರ್ತಿ ಸುತ್ತು ನೋಡಿ. ತಲೆಗೆ ಎರಡು ಟ್ಯೂಬ್, ಪ್ಯಾಚ್, ಕೈಪಂಪು. ಟೈರ್ ತುಂಬುವ ಗ್ಯಾಸ್ ಕಾರ್ಟ್ರಿಜ್ ವಿಮಾನದಲ್ಲಿ ಬಿಡುತ್ತಾರೆ ಅಂತ ನಂಬಬೇಡಿ. ಟ್ಯೂಬ್‌ಲೆಸ್ ಆದರೆ ಟೈರಿಗೆ 60 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ).

ಕಲಬುರಗಿ: ಹೆಲ್ಮೆಟ್ ಬೇಕೇಬೇಕಾ? ಲೈಸೆನ್ಸ್?

ಮೆಕ್ಯಾನಿಕ್: ಊರ ಹೊರಗಿನ ರಸ್ತೆಯಲ್ಲಿ ಹೆಲ್ಮೆಟ್ ಕಡ್ಡಾಯ. ಲೈಸೆನ್ಸ್ ಬೇಡ.

ತುಮಕೂರು: ಗಾಳಿ ಎಷ್ಟು ಹಾಕಬೇಕು ಅಂತ ಯಾರಾದ್ರೂ ಹೇಳ್ತೀರಾ?

ಮೆಕ್ಯಾನಿಕ್: ಮೇಲೆ ಓದಿ.

ತುಮಕೂರು: ಓದೋಕೆ ಟೈಮ್ ಇದ್ರೆ ಕೇಳ್ತಿದ್ನಾ ಸಾರ್? ಇಷ್ಟು ಕೋಪ ಇರೋರು ಉತ್ತರ ಕೊಡೋಕೆ ಯಾಕೆ ಬರ್ತೀರಿ?

ಶಿವಮೊಗ್ಗ: ಪುಕ್ಕಟೆ ಹೇಳೋರ ಮೇಲೆ ಹಾರಾಡಬೇಡಿ. 45ರಿಂದ 55.

ತಿಪಟೂರು: ಸರ್, ಹಿಂದಿನದಕ್ಕೂ ಹಚ್ಚಿದ್ದಾರಂತೆ. ಚೈನಿಗೂ. ಬ್ರೇಕ್ ಶಿಮಾನೊ.

ಮೆಕ್ಯಾನಿಕ್: ಹಾಗಾದರೆ ನಾಲ್ಕೂ ಪ್ಯಾಡ್ ಎಸೆಯಿರಿ, ಎರಡೂ ರೋಟರ್ ಒರೆಸಿ. ಶಿಮಾನೊದಲ್ಲಿ ಒಳಗಿರುವುದು ಮಿನರಲ್ ಆಯಿಲ್. ಅಂಗಡಿಯವರು ಡಾಟ್ ಫ್ಲೂಯಿಡ್ (ಬೇರೆ ಥರದ ಬ್ರೇಕ್ ದ್ರವ) ತುಂಬಿಸುತ್ತೇನೆ ಅಂದರೆ ಬಿಡಬೇಡಿ, ಒಳಗಿನ ರಬ್ಬರ್ ಸೀಲ್ ಉಬ್ಬಿ ಕೆಡುತ್ತೆ. ಚೈನಿಗೆ ಹಚ್ಚಿದ್ದರಿಂದ ಜೀವಕ್ಕೆ ಅಪಾಯ ಇಲ್ಲ, ಧೂಳು ಹಿಡಿಯುತ್ತೆ ಅಷ್ಟೆ. ಚೈನನ್ನು ಮೊದಲು ತೊಳೆದು ಒಣಗಿಸಿ, ಚೈನ್ ಲ್ಯೂಬ್ ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು ಹೊರಗಿನದು ಒರೆಸಿಬಿಡಿ. ರೋಟರಿನ ಕೆಲಸ ಅದಾದ ಮೇಲೆ, ಇಲ್ಲದಿದ್ದರೆ ಚೈನಿನ ಎಣ್ಣೆ ಮತ್ತೆ ಹಿಂದಿನ ರೋಟರಿಗೆ ಸಿಡಿಯುತ್ತೆ. ಪ್ಯಾಡ್ ಪಳಗಿಸಿದ ಮೇಲೆ ಹೇಗೆ ಹಿಡಿಯುತ್ತೆ ಅಂತ ತಿಳಿಸಿ. ಮನಸ್ಸಿಗೆ ಒಪ್ಪುವಷ್ಟು ಹಿಡಿಯದಿದ್ದರೆ ಎರ್ರೆರಾ ಘಾಟಿ ಬಿಟ್ಟುಬಿಡಿ, ಲಾಗ್ವಾರ್ದಿಯಾದಲ್ಲಿ ನೋಡಲು ಬೇಕಾದಷ್ಟಿದೆ.

ತಿಪಟೂರು: ಆಯ್ತು ಸರ್. ಪ್ಯಾಡ್ ಇವತ್ತೇ ಆರ್ಡರ್ ಹಾಕಿದ್ವಿ, ಆರು ಜೊತೆ.

ಮೆಕ್ಯಾನಿಕ್: ನಾಲ್ಕು ಸಾಕು. ಮುಂದೆ ಒಂದು, ಹಿಂದೆ ಒಂದು, ಚೀಲದಲ್ಲಿ ಎರಡು. ನಂಬರಿನ ಫೋಟೊ ಕಳಿಸಿ, ಬರುವ ಮುಂಚೆ ನೋಡಿಬಿಡುತ್ತೇನೆ.

ದಾವಣಗೆರೆ: ಮಗುವಿನ ಸೀಟಿನ ಬಗ್ಗೆ ಯಾರಾದ್ರೂ?